ಹೊತ್ತಿಗೆ ಮುಂಚೆ ಇಳಿದ ಕಾಯಿ

ನಾನು ನಿವೃತ್ತಳಾದ ವಾರದಲ್ಲೇ ನನ್ನ ವಾರಗಿತ್ತಿ ಮನೆಗೆ ಬಂದು ಕೂತು, ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. “ಅಲ್ಲ ಕಣೇ ಗಿರಿಜ, ಇಷ್ಟು ವರ್ಷ ತಿಪಟೂರಲ್ಲಿ ಕೂತ್ಕಂಡು ನೀನು ಮಾಡಿದ್ದಾದ್ರೂ ಏನು? ಸೂಜಿ ಚುಚ್ಚಲಿಲ್ಲ, ಮಾತ್ರೆ ಕೊಡಲಿಲ್ಲ, ಪಾಠ ಹೇಳಲಿಲ್ಲ. ಮಾತಾಡೋಕೂ ಸಂಬಳ ಕೊಡ್ತಾರಾ?”

ಮಾತಾಡುವುದಕ್ಕಲ್ಲ, ಕೇಳುವುದಕ್ಕೆ ಕೊಡುತ್ತಿದ್ದರು ಅಂದೆ. ಕೊನೆಯ ವರ್ಷಗಳಲ್ಲಂತೂ ಜನರ ಕಷ್ಟ ಕೇಳುವ ಹುಡುಗ ಹುಡುಗಿಯರು ಹೇಗೆ ಕೇಳುತ್ತಿದ್ದಾರೆ ಎಂದು ನೋಡುವುದಕ್ಕೆ ಕೊಡುತ್ತಿದ್ದರು ಅಂದೆ. ಅವಳು ನನ್ನ ಮುಖವನ್ನೇ ನೋಡಿ, “ಬುಡು, ನಿನ್ ಪುಣ್ಯ” ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಅವಳಿಗೆ ಹೇಳಲಾಗದ್ದನ್ನು ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ಹೇಳೋಣವೆಂದು ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನ, ಶಾಲು, ಹಾರ ಇವೆಲ್ಲ ಬೇಡ. ಆ ಶಾಲುಗಳನ್ನು ನನ್ನ ಮೊಮ್ಮಗಳು ಗೊಂಬೆಗೆ ಹೊದಿಸಿ ಆಡುತ್ತಿದ್ದಾಳೆ. ನಾನು ಏನು ಮಾಡಿದೆ, ನನ್ನ ಕೈಕೆಳಗಿನವರು ಏನು ಮಾಡಿದರು, ಅಷ್ಟು ಹೇಳುತ್ತೇನೆ. ಹೇಳುವಾಗ ಜಂಭ ಕಂಡರೆ ಕಾಣಲಿ, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ನಮ್ಮ ಕೇಂದ್ರ ಇದ್ದದ್ದು ತಿಪಟೂರಿನ ಒಂದು ಹಳೆಯ ಕೊಬ್ಬರಿ ಗೋದಾಮಿನಲ್ಲಿ. ಟ್ರಸ್ಟಿನವರು ಗೋಡೆಗೆ ಸುಣ್ಣ ಹೊಡೆಸಿ, ಮಧ್ಯೆ ಹಲಗೆ ನಿಲ್ಲಿಸಿ, ನಾಲ್ಕು ಕೋಣೆ ಮಾಡಿ, ಹೊರಗೆ ‘ಮನೋಆರೋಗ್ಯ ಮತ್ತು ಆಪ್ತಸಮಾಲೋಚನಾ ಕೇಂದ್ರ’ ಎಂದು ಬೋರ್ಡು ಹಾಕಿಸಿದರು. ಎಷ್ಟು ಸುಣ್ಣ ಬಳಿದರೂ ಕೊಬ್ಬರಿಯ ಎಣ್ಣೆಗಂಪು ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಆಟೋದವರು ಆ ಬೋರ್ಡನ್ನು ಒಂದು ದಿನವೂ ಓದಲಿಲ್ಲ. ಕೊಬ್ಬರಿ ಮಾರುವ ಮಂಡಿಯ ಹಾಗೆ, ಅವರ ಬಾಯಲ್ಲಿ ನಮ್ಮದು ‘ಮಾತಿನ ಮಂಡಿ’. “ಎಲ್ಲಿಗೆ ಹೋಗ್ಬೇಕಮ್ಮ? ಮಾತಿನ ಮಂಡಿಗಾ? ಹತ್ತಿ” ಎನ್ನುತ್ತಿದ್ದರು. ಕೇಂದ್ರದ ಮುಖ್ಯಸ್ಥರಾಗಿದ್ದ ನಮ್ಮ ದೊಡ್ಡ ಡಾಕ್ಟರಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. ನನಗೆ ಮಾತ್ರ ಬಹಳ ಇಷ್ಟವಾಗಿತ್ತು. ಆ ಹೆಸರು ಕೇಳಿದ ಜನ ಹೆದರದೆ ಒಳಗೆ ಬರುತ್ತಿದ್ದರು.

ನನ್ನ ಕೆಲಸವನ್ನು ಕಾಗದದಲ್ಲಿ ಕ್ಲಿನಿಕಲ್ ಸೂಪರ್‌ವಿಷನ್ ಎಂದು ಕರೆಯುತ್ತಾರೆ. ಕಾಲೇಜು ಮುಗಿಸಿ ಬಂದ ಹೊಸ ಥೆರಪಿಸ್ಟ್ ವಾರವಿಡೀ ನೋಡಿದ ಜನರ ವಿಷಯವನ್ನು ಒಬ್ಬ ಹಿರಿಯರ ಮುಂದೆ ಕೂತು ಹೇಳಬೇಕು. ಎಲ್ಲಿ ತಪ್ಪಿದೆ, ಯಾವುದನ್ನು ಕೇಳಿಸಿಕೊಳ್ಳಲಿಲ್ಲ, ಯಾರ ಕಥೆ ಕೇಳಿ ತನಗೇ ಕಣ್ಣೀರು ಬಂತು, ಎಲ್ಲವನ್ನೂ. ನನಗೆ ಇದನ್ನು ಕಲಿಸಿದವರು ನಾವು ಮೇಷ್ಟ್ರು ಎಂದೇ ಕರೆಯುತ್ತಿದ್ದ ಒಬ್ಬ ನಿವೃತ್ತ ಪ್ರಾಧ್ಯಾಪಕರು. ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ನಾನು ಮೊದಲ ಸಲ ಅವರ ಮುಂದೆ ಕೂತು ಪುಸ್ತಕದ ಭಾಷೆಯಲ್ಲಿ ಒಬ್ಬ ಹೆಂಗಸಿನ ಕೇಸು ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡೇ ಕೇಳಿ, “ಇದೆಲ್ಲ ಸರಿ. ಆದರೆ ಆ ತಾಯಿ ಎಲ್ಲಿದ್ದಾಳಮ್ಮ ಇದರಲ್ಲಿ? ಎದ್ದು ಅವಳ ಕುರ್ಚಿಯಲ್ಲಿ ಕೂತ್ಕೊ. ಅವಳಾಗಿ ಮಾತಾಡು” ಅಂದರು.

ಅಂದಿನಿಂದ ಅದೇ ನನ್ನ ದಾರಿ. ನನ್ನ ಕೋಣೆಯಲ್ಲಿ ಎರಡೇ ಕುರ್ಚಿ. ಒಂದು ನನ್ನದು. ಇನ್ನೊಂದು, ಕೈ ಇಲ್ಲದ ಮರದ ಕುರ್ಚಿ, ಬಂದವರದು. ನನ್ನ ಮಕ್ಕಳು (ಕೈಕೆಳಗಿನವರನ್ನು ನಾನು ಹಾಗೆಯೇ ಕರೆಯುವುದು) ಆ ಕುರ್ಚಿಯಲ್ಲಿ ಕೂತು, ತಾವು ನೋಡಿದ ಮನುಷ್ಯನಾಗಿ, ಅವರ ಮಾತಿನಲ್ಲೇ, ಅವರು ಎಲ್ಲಿ ನಿಲ್ಲಿಸಿದರೋ ಅಲ್ಲಿ ನಿಲ್ಲಿಸಿ ಹೇಳಬೇಕು. ದೊಡ್ಡ ಡಾಕ್ಟರು ಇದನ್ನು ‘ಗಿರಿಜಮ್ಮನ ನಾಟಕ ಕಂಪನಿ’ ಎಂದು ಗೇಲಿ ಮಾಡುತ್ತಿದ್ದರು. ಅವರು ಒಳ್ಳೆಯವರೇ, ಆದರೆ ಕಂಪ್ಯೂಟರಿನ ಮೇಲೆ ವಿಪರೀತ ಮೋಹ. ಮೂಡ್ ಹೇಗಿದೆ, ನಿದ್ದೆ ಹೇಗಿದೆ, ಕೆಲಸಕ್ಕೆ ಹೋಗುತ್ತಿದ್ದಾರೆಯೇ, ಟಿಕ್ ಹಾಕಿ ಕಳಿಸಿ, ಸಾಕು ಎನ್ನುತ್ತಿದ್ದರು. ಟಿಕ್ಕನ್ನೂ ಹಾಕಿಸುತ್ತಿದ್ದೆ, ನಾಟಕವನ್ನೂ ಆಡಿಸುತ್ತಿದ್ದೆ.

ಚೇತನ್ ಎಂಬ ಹುಡುಗನ ಕಥೆ ಹೇಳಿದರೆ ನಾಟಕದ ಉಪಯೋಗ ಗೊತ್ತಾದೀತು. ಪಟ್ಟಣದಲ್ಲಿ ಬೆಳೆದವನು, ಬುದ್ಧಿವಂತ. ನಾವು ಹುಳಿಯಾರಿನಲ್ಲಿ ನಡೆಸಿದ ಸಮಾಲೋಚನಾ ಶಿಬಿರಕ್ಕೆ ಕೆಂಕೆರೆ ಕಡೆಯಿಂದ ಒಬ್ಬ ಹೊಸ ಸೊಸೆಯನ್ನು ಅವಳ ಅತ್ತೆ ಕರೆತಂದಿದ್ದರು. ಹುಡುಗಿಗೆ ಆಗಾಗ ಕೈಕಾಲು ಸೆಟೆದುಕೊಳ್ಳುತ್ತಿತ್ತು. ನಮ್ಮ ಚೇತನ್ ಪುಸ್ತಕದಲ್ಲಿ ಓದಿದ ಹಾಗೆ, ಗುಟ್ಟು ಕಾಪಾಡಬೇಕು ಎಂದು, ಅತ್ತೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿ ಚಿಲಕ ಜಡಿದ! ಎಳೆ ಹುಡುಗಿ, ಅಪರಿಚಿತ ಗಂಡಸು, ಚಿಲಕ. ಅತ್ತೆ ಬಾಗಿಲು ಬಡಿದ ಸದ್ದಿಗೆ ಶಿಬಿರವೇ ಎದ್ದು ನಿಂತಿತು. “ಏನ್ರೀ ಇದು, ಬಾಗ್ಲು ಹಾಕ್ಕೊಂಡು ಏನ್ ಕೇಳ್ತಿದೀರಾ? ಬಾರೇ ಈಚೆಗೆ!” ಎಂದು ಸೊಸೆಯ ರೆಟ್ಟೆ ಹಿಡಿದು ಕರೆದುಕೊಂಡೇ ಹೋದರು.

ಚೇತನ್ ನನ್ನ ಮುಂದೆ ಬಂದು ಅತ್ತೆಯನ್ನು ಬೈದ. ಅಜ್ಞಾನ ಅಂದ, ಹಳ್ಳಿ ಅಂದ. ಕುರ್ಚಿಯಲ್ಲಿ ಕೂರಿಸಿದೆ. “ಸೊಸೆಯಾಗಿ ಬೇಡ, ಅತ್ತೆಯಾಗಿ ಮಾತಾಡಪ್ಪ” ಅಂದೆ. ಮೊದಲು ನಗುತ್ತಲೇ ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಅವನ ಬಾಯಿಂದ, “ನಾಳೆ ಇವಳ ಅಪ್ಪ ಬಂದು, ನನ್ ಮಗ್ಳುನ್ನ ಯಾರ್ ಜೊತೆ ರೂಮಲ್ಲಿ ಬುಟ್ಟಿದ್ದೆ ಅಂತ ಕೇಳಿದ್ರೆ ನಾನೇನ್ ಹೇಳ್ಲಿ?” ಎಂಬ ಮಾತು ಬಂತು. ನಗು ನಿಂತುಹೋಯಿತು. ಮುಂದಿನ ಶಿಬಿರಕ್ಕೆ ಅವನೇ ಬೇಗ ಹೋಗಿ ಕುರ್ಚಿಗಳನ್ನು ಜೋಡಿಸಿದ. ಬಾಗಿಲು ತೆರೆದೇ ಇತ್ತು. ಮನೆಯವರ ಬೆಂಚು ಅಂಗಳದ ಆಚೆ, ಹೊಂಗೆ ಮರದ ಕೆಳಗೆ. ಅಲ್ಲಿಂದ ಒಳಗಿನವರು ಕಾಣುತ್ತಾರೆ, ಮಾತು ಕೇಳಿಸುವುದಿಲ್ಲ. ಆ ಅತ್ತೆಯ ಮನೆಗೆ ತಾನೇ ಹೋಗಿ ತಪ್ಪಾಯಿತು ಎಂದು ಹೇಳಿಬಂದ, ಅತ್ತೆ ಸೊಸೆ ಇಬ್ಬರೂ ಮತ್ತೆ ಬಂದರು. ಈಗಲೂ ನಮ್ಮ ಎಲ್ಲ ಶಿಬಿರಗಳಲ್ಲಿ ಬೆಂಚು ಹಾಗೆಯೇ ಇರುತ್ತದೆ. ಅದು ಚೇತನ್ ಹಾಕಿದ ಬೆಂಚು.

ಇನ್ನು ನಾನು ಯಾವುದಕ್ಕಾಗಿ ಬರೆಯಲು ಕೂತೆನೋ ಆ ಕೇಸಿಗೆ ಬರುತ್ತೇನೆ.

ಅವರನ್ನು ಗಂಗಾಧರಯ್ಯ ಎನ್ನೋಣ. ತುರುವೇಕೆರೆ ಕಡೆಯ ಒಂದು ಊರು, ಊರಿನ ಹೆಸರು ಬೇಡ. ಬರೆಯಲೇ ಎಂದು ಕೇಳಿದಾಗ, “ಹೆಸ್ರು ಬದ್ಲಾಯಿಸ್ಕಳಿ ಮೇಡಮ್ಮಾರೆ, ಕಾಯಿ ವಿಷ್ಯ ಮಾತ್ರ ಬುಡ್ಬೇಡಿ” ಅಂದಿದ್ದಾರೆ. ಐವತ್ತರ ಆಸುಪಾಸಿನ ಮನುಷ್ಯ. ತೆಂಗಿನ ತೋಟ, ಹಸುಗಳು, ಗಟ್ಟಿ ಮನೆತನ. ತಾವು ಮದುವೆಯಾಗದೆ ತಮ್ಮನನ್ನು ಸಾಕಿ, ಮದುವೆ ಮಾಡಿ, ತಮ್ಮ ಮತ್ತು ಅವನ ಹೆಂಡತಿ ಸಾವಿತ್ರಿಯ ಜೊತೆ ಒಂದೇ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ತಮ್ಮನಿಗೆ, “ಮೋಟ್ರು ಹಾಕಿ ಬಾರ್ಲಾ” ಅಂದರು. ತೋಟದ ಪಂಪಿನ ಸ್ಟಾರ್ಟರ್ ಡಬ್ಬಿ ಮುಟ್ಟಿದ ತಮ್ಮ ಕರೆಂಟು ಹೊಡೆದು ಅಲ್ಲೇ ತೀರಿಕೊಂಡ.

ಅದಾದ ಮೇಲೆ ಗಂಗಾಧರಯ್ಯನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ತೋಟದ ಕಡೆ ಕಾಲಿಡಲಿಲ್ಲ. ಸಾವಿತ್ರಿಯೇ ಹಟ ಹಿಡಿದು ತನ್ನ ಅಣ್ಣನ ಜೊತೆ ಅವರನ್ನು ನಮ್ಮ ಮಂಡಿಗೆ ಕಳಿಸಿದಳು.

ಅವರನ್ನು ನೋಡಲು ನಾನು ನೇಮಿಸಿದ್ದು ನೇತ್ರಾಳನ್ನು. ಹಾಲ್ಕುರಿಕೆಯ ಹುಡುಗಿ, ತೆಂಗಿನ ತೋಟದ ಮನೆಯವಳು. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಊರಿನಲ್ಲಿ ಅಪ್ಪನ ಜೊತೆ ಕಾಯಿ ಹೆಕ್ಕಿ ಬೆಳೆದವಳು, ಕೇಂದ್ರದ ಬಾಗಿಲು ದಾಟಿದ ಕೂಡಲೇ ಇಂಗ್ಲಿಷಿಗೆ ಹಾರುತ್ತಿದ್ದಳು. “ನೇತ್ರಾ, ಆ ಇಂಗ್ಲಿಷನ್ನ ಚಪ್ಪಲಿ ಬಿಡೋ ಜಾಗದಲ್ಲಿ ಬಿಟ್ಟು ಬಾರೇ” ಎಂದು ರೇಗಿಸುತ್ತಿದ್ದೆ. ಅವಳು ಮುಖ ಊದಿಸಿಕೊಳ್ಳುತ್ತಿದ್ದಳು. ಆದರೆ ಕೂರುವುದರಲ್ಲಿ ಗಟ್ಟಿಗಿತ್ತಿ. ಗಂಗಾಧರಯ್ಯ ವಾರಗಟ್ಟಲೆ ಬಾಯಿ ಬಿಡದೆ ಕೂತಾಗ ಅವಳೂ ಬಾಯಿ ಬಿಡದೆ ಕೂತಳು. ಆಮೇಲೆ ಒಂದೊಂದೇ ಮಾತು ಬಂತು. ನಾನೇ ಕಳಿಸಿದ್ದು ಅವನನ್ನು, ಎಂಬುದೇ ಎಲ್ಲ ಮಾತಿನ ಕೊನೆ.

ಯುಗಾದಿ ಕಳೆದ ಮೇಲೆ ಒಂದು ದಿನ ನೇತ್ರಾ ಕುಣಿಯುತ್ತಲೇ ನನ್ನ ಕೋಣೆಗೆ ಬಂದಳು.

“ಮೇಡಂ, ಗಂಗಾಧರಯ್ಯ ಇವತ್ತು ಬಂದಿದ್ರು. ಟೋಟಲಿ ಇಂಪ್ರೂವ್ಡ್! ಗಡ್ಡ ತೆಗೆಸಿದಾರೆ, ನಿದ್ದೆ ಬರ್ತಿದೆ, ಕೆಲಸಕ್ಕೆ ವಾಪಸ್ ಹೋಗಿದಾರೆ. ಇನ್ಮೇಲೆ ತಿಂಗಳಿಗೊಂದ್ಸಲ ಬಂದ್ರೆ ಸಾಕು ಅಂದೆ. ಡಾಕ್ಟ್ರು ಗುಡ್ ಅಂದ್ರು.”

“ಸಂತೋಷ ಕಣಮ್ಮ. ಕೂತ್ಕೊ ಆ ಕುರ್ಚಿಯಲ್ಲಿ.”

“ಚೆನ್ನಾಗಿರೋರನ್ನೂ ಕೂರಿಸ್ಬೇಕಾ ಮೇಡಂ?”

“ಚೆನ್ನಾಗಿರೋರನ್ನೇ ಮೊದಲು ಕೂರಿಸ್ಬೇಕು. ಕೂತ್ಕೊ.”

ಗೊಣಗುತ್ತಲೇ ಕೂತಳು. ದುಪಟ್ಟಾವನ್ನು ಟವೆಲ್ಲಿನಂತೆ ಹೆಗಲ ಮೇಲೆ ಹಾಕಿಕೊಂಡು, ಕಾಲು ಅಗಲಿಸಿ, ಮಂಡಿಯ ಮೇಲೆ ಕೈಯಿಟ್ಟಳು. ಧ್ವನಿಯೂ ಬದಲಾಯಿತು.

“ನಾನಾ? ಈಗ ಹಗುರಾಗೈತೆ ಕಣವ್ವ. ನಿದ್ದೇನೂ ಬತ್ತೈತೆ. ಹಸೂನೆಲ್ಲ ಸಾವಿತ್ರಿ ಅಣ್ಣನ ಮನೇಗೆ ಹೊಡ್ಸಿದೆ, ಅವ್ರು ಚೆಂದಾಗಿ ನೋಡ್ಕತ್ತಾರೆ. ಮೊನ್ನೆ ಆಳು ಕರ್ಸಿ ಅಟ್ಟದ ಮೇಲಿನ ಕಾಯೆಲ್ಲ ಇಳ್ಸಿ ಸುಲಿಸಿ ಕಳ್ಸಿಬುಟ್ಟೆ. ಅಟ್ಟ ಖಾಲಿ. ಇನ್ ಯಾವ ಯೋಚ್ನೇನೂ...”

ಅಲ್ಲಿಗೆ ನಿಂತಳು.

ನಮ್ಮ ಸೀಮೆಯವರಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಕಾಯಿ ಕಿತ್ತ ಕೂಡಲೇ ಕೊಬ್ಬರಿಯಾಗುವುದಿಲ್ಲ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಮನೆಯ ಅಟ್ಟಕ್ಕೆ ತುಂಬಿ, ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಗ ಇಳಿಸಿ ಸುಲಿಯುವುದು. ನಡುವೆ ಇಳಿಸಿದರೆ ಅತ್ತ ಹಸಿಕಾಯಿಯ ಬೆಲೆಯೂ ಇಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಮನೆಯಲ್ಲಿ ಮದುವೆ ಗೊತ್ತಾದರೂ ಅಟ್ಟಕ್ಕೆ ಕೈ ಹಾಕಲು ಹತ್ತು ಸಲ ಯೋಚಿಸುವ ಜನ ನಾವು.

“ಮೇಡಂ,” ಅಂದಳು ನೇತ್ರಾ, ಈಗ ತನ್ನದೇ ದನಿಯಲ್ಲಿ. “ಅವ್ರು ಕಾಯಿ ಅಟ್ಟಕ್ಕೆ ಹಾಕ್ಸಿದ್ದು ಹೋದ ದೀಪಾವಳಿ ಆದ್ಮೇಲೆ. ತಮ್ಮ ಇದ್ದಾಗ. ಅವ್ರೇ ಹೇಳಿದ್ರು. ಇನ್ನೂ ನೀರಿರುತ್ತೆ ಅದ್ರಲ್ಲಿ.”

“ಹೂಂ. ಮತ್ತೆ ಯಾಕೆ ಇಳಿಸಿದ್ರು?”

“ಮನೇಲಿ ಮದುವೆ ಇಲ್ಲ. ಏನೂ ಇಲ್ಲ...” ಕಣ್ಣು ತುಂಬಿಕೊಂಡವು. “ಮುಂದಿನ ದೀಪಾವಳಿಗೆ ಅವ್ರು ಇರಲ್ಲ ಮೇಡಂ. ಇರೋ ಯೋಚ್ನೆ ಇಲ್ಲ ಅವರಿಗೆ.”

ಸುಳ್ಳೇಕೆ ಹೇಳಲಿ, ಹೆದರಿಕೆಯ ಜೊತೆಗೇ ಹೆಮ್ಮೆಯೂ ಉಕ್ಕಿತು. ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳೇ ಕೇಳಿಸಿಕೊಂಡಳು. ಬೆಳಿಗ್ಗೆ ಅವರ ಬಾಯಿಂದ ಬಂದಾಗ ಅದು ಅವಳ ತಲೆಯಲ್ಲಿ ‘ಕೆಲಸಕ್ಕೆ ವಾಪಸ್’ ಎಂಬ ಟಿಕ್ಕಾಗಿ ಕೂತಿತ್ತು. ಈಗ ತನ್ನ ಬಾಯಿಂದಲೇ ತೋಟದ ಮಾತಾಗಿ ಬಂದ ಮೇಲೆ ಹಾಲ್ಕುರಿಕೆಯ ಹುಡುಗಿಗೆ ಅದರ ಅರ್ಥ ಹೊಳೆಯಿತು. ಅವಳು ಅಳುತ್ತಿದ್ದಳು. “ಅಳೋದು ಆಮೇಲೆ. ಫೋನ್ ಮಾಡು” ಎಂದು ಗದರಿದೆ.

ಫೋನೆತ್ತಿದವಳು ಸಾವಿತ್ರಿ. “ಬಾವ ಚೆನ್ನಾಗವ್ರೆ ಮೇಡಂ. ಬಂದವ್ರೇ ಊಟ ಮಾಡಿ, ಪಾಯ್ಸ ಚೆನ್ನಾಗೈತೆ ಅಂದ್ರು. ಈಗ ತೋಟದ ಕಡೆ ಹೋದ್ರು” ಅಂದಳು. ತಮ್ಮ ಸತ್ತಾಗಿನಿಂದ ಕಾಲಿಡದ ತೋಟಕ್ಕೆ! ನೇತ್ರಾ, “ಸಾವಿತ್ರಕ್ಕಾ, ಈಗ್ಲೇ ಹೋಗಿ ಅವರನ್ನ ಮನೆಗೆ ಕರ್ಕೊಂಡು ಬನ್ನಿ. ನಾವು ಬರೋವರೆಗೂ ಒಬ್ಬರನ್ನೇ ಬಿಡ್ಬೇಡಿ. ಅಣ್ಣನ್ನೂ ಕರೀರಿ” ಅಂದಳು. ಏಕೆ ಎಂದು ಸಾವಿತ್ರಿ ಕೇಳಲಿಲ್ಲ. ಓಡಿದ ಸದ್ದು ಫೋನಿನಲ್ಲೇ ಕೇಳಿಸಿತು.

ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದೆವು. “ಕೆಲಸಕ್ಕೆ ಮರಳಿದ್ದು ಒಳ್ಳೆಯ ಲಕ್ಷಣ ಅಲ್ವೇ ಗಿರಿಜಾ ಅವರೇ?” ಅಂದರು. ನಾನು ಬಾಯಿ ತೆರೆಯುವ ಮೊದಲೇ ನೇತ್ರಾ, “ಸರ್, ಅವ್ರು ಕೆಲಸಕ್ಕೆ ಮರಳಿಲ್ಲ, ಕೆಲಸ ಮುಗಿಸ್ತಿದಾರೆ” ಎಂದಳು. ಡಾಕ್ಟರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹೊರಗೆ ಸಾಲಿನಲ್ಲಿ ಕೂತಿದ್ದವರಿಗೆ ಕೈಮುಗಿದು, ತಾವೇ ಕಾರಿನ ಬೀಗದ ಕೈ ತೆಗೆದುಕೊಂಡರು. ಅವರ ಬಗ್ಗೆ ನಾನು ಎಷ್ಟೇ ಆಡಿಕೊಂಡರೂ ಆ ಹೊತ್ತನ್ನು ಮರೆಯುವುದಿಲ್ಲ.

ದಾರಿಯಲ್ಲಿ ನೇತ್ರಾ ಕೇಳಿದಳು: “ಸಾಯೋ ಯೋಚ್ನೆ ಇದೆಯಾ ಅಂತ ನೇರವಾಗಿ ಕೇಳಿದ್ರೆ, ನಾನೇ ದಾರಿ ತೋರಿಸ್ದಂಗಾಗಲ್ವಾ ಮೇಡಂ?”

ಪ್ರತಿಯೊಬ್ಬ ಹೊಸಬರೂ ಈ ಪ್ರಶ್ನೆ ಕೇಳುತ್ತಾರೆ, ಅದಕ್ಕೇ ಉತ್ತರವನ್ನು ಇಲ್ಲೂ ಬರೆಯುತ್ತಿದ್ದೇನೆ. “ಆಗಲ್ಲ. ಆ ಯೋಚನೆ ಅವರ ಹತ್ತಿರ ಆಗಲೇ ಇದೆ, ಒಬ್ಬರೇ ಹೊತ್ಕೊಂಡು ತಿರುಗ್ತಿದಾರೆ. ನೀನು ಕೇಳಿದ್ರೆ ಹೊರೋಕೆ ಇನ್ನೊಬ್ಬರಾಗ್ತಾರೆ. ಸುತ್ತಿ ಬಳಸಿ ಕೇಳ್ಬೇಡ” ಅಂದೆ.

“ನೀವೇ ಕೇಳಿ ಮೇಡಂ.”

“ನನ್ನ ಮುಖ ಅವರಿಗೆ ಗೊತ್ತಿಲ್ಲ. ಇಷ್ಟು ದಿನ ಸುಮ್ಮನೆ ಜೊತೆಗೆ ಕೂತವಳು ನೀನು. ನಾನು ಹಿಂದೆ ಇರ್ತೀನಿ.”

ನಾವು ಹೋದಾಗ ಗಂಗಾಧರಯ್ಯ ಜಗಲಿಯ ಮೇಲೆ ಕೂತಿದ್ದರು, ಸಾವಿತ್ರಿಯ ಅಣ್ಣ ಪಕ್ಕದಲ್ಲಿ. ತೋಟದಿಂದ ಸಾವಿತ್ರಿ ಕೈಹಿಡಿದು ಕರೆತಂದಿದ್ದಳಂತೆ. ಬಾವನ ಎದುರು ನಿಂತು ಮಾತಾಡದ ಮನೆಯ ಸೊಸೆ, ಕೈಹಿಡಿದು. ನಡುಮನೆಯ ಮೇಲೆ ಅಟ್ಟ ಕಾಣುತ್ತಿತ್ತು. ಹಲಗೆಗಳ ಮೇಲೆ ಒಂದು ಕಾಯೂ ಇರಲಿಲ್ಲ. ಅಣ್ಣನನ್ನು ಅಂಗಳಕ್ಕೆ ಕರೆದು ನಾನು ಕಂಬದ ಹತ್ತಿರ ನಿಂತೆ. ಬಾಯಿ ಮುಚ್ಚಿಕೊಂಡು ನಿಂತೆ. ಒಂದು ಜೀವ ಎದುರಿಗಿದೆ, ಎಳೆ ಹುಡುಗಿ ಮಾತಾಡಬೇಕು, ನನಗೆ ಗೊತ್ತಿರುವ ಮಾತು ನಾಲಗೆ ತುದಿಯಲ್ಲಿದೆ, ಆದರೂ ಸುಮ್ಮನಿರಬೇಕು. ಈ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದನ್ನು ನಾನು ಕಂಡಿಲ್ಲ.

ನೇತ್ರಾ ಅವರ ಪಕ್ಕ ಜಗಲಿಯ ಮೇಲೆ ಕೂತಳು. “ಕಾಯಿ ಯಾಕೆ ಇಳಿಸಿದ್ರಿ ಅಂತ ಬೆಳಿಗ್ಗೆ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ಈಗ ಕೇಳ್ತಿದೀನಿ. ಸಾಯ್ಬೇಕು ಅಂದ್ಕೊಂಡಿದೀರಾ?”

ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲೆ ಮಡಿಸಿಟ್ಟುಕೊಂಡರು.

“ಹೂಂ ಕಣವ್ವ,” ಅಂದರು. “ಹೆಣ್ಣೆಂಗ್ಸು ಒಬ್ಳೇ ಕೊಬ್ರಿ ಮಂಡಿಗೆ ಹೋಗಿ ವ್ಯಾಪಾರ ಮಾಡೋಕಾಗಲ್ಲ. ಅದ್ಕೇ ಕಾಯಿ ಮುಗ್ಸಿದೆ. ಹಸೂನೂ ಒಂದ್ ಕಡೆ ಸೇರಿಸ್ದೆ. ನಾನೇ ಕಳ್ಸಿದ್ದು ಅವನ್ನ. ಅವನ ಹೆಂಡ್ತಿ ಬಡ್ಸಿದ ಅನ್ನ ಹೆಂಗವ್ವ ಉಣ್ಲಿ ನಾನು?”

“ಈ ಮಾತು ಸಾವಿತ್ರಕ್ಕನೂ ಕೇಳ್ಬಹುದಾ?” ಅಂದಳು ನೇತ್ರಾ. ಅವರು ಹೂಂ ಎಂದು ತಲೆಯಾಡಿಸಿದರು. ಸಾವಿತ್ರಿ ಒಳಬಾಗಿಲ ಹಿಂದೆ ಆಗಲೇ ಕೇಳಿಸಿಕೊಂಡಿದ್ದಳು. ಹೊಸ್ತಿಲು ದಾಟಿ ಬಂದಳು. ಸೆರಗು ಎಳೆದುಕೊಳ್ಳಲೂ ಇಲ್ಲ.

“ಅವ್ರು ಹೋದಾಗ ಈ ಮನೇಲಿ ನೀವಿದ್ರಿ ಅಂತ ನಾನ್ ಬದ್ಕಿದೆ ಬಾವ,” ಅಂದಳು. “ಮೋಟ್ರು ಕೊಂದಿದ್ದು ಅವರನ್ನ, ನೀವಲ್ಲ. ಒಂದಿನಾನೂ ನಿಮ್ಮನ್ನ ಬೈದಿದೀನಾ? ಈಗ ಬೈತೀನಿ. ಕಾಯಿ ಮಾರಿ, ಹಸ ಕಳ್ಸಿ, ನನ್ನನ್ನ ಯಾರ್ ಕೈಲಿ ಕೊಟ್ಟು ಹೋಗ್ತಿದ್ರಿ?”

ಗಂಗಾಧರಯ್ಯ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಹೋ ಎಂದು ಅತ್ತರು. ತಮ್ಮ ಸತ್ತ ದಿನವೂ ಅವರು ಅತ್ತಿರಲಿಲ್ಲವಂತೆ. ಅವತ್ತೇ ಡಾಕ್ಟರು ಅವರನ್ನು ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿ ಔಷಧಿ ಶುರು ಮಾಡಿದರು. ಸಾವಿತ್ರಿಯೂ ಅಣ್ಣನೂ ಸರದಿಯ ಮೇಲೆ ಜೊತೆಗಿದ್ದರು. ಹಸುಗಳು ಕೊಟ್ಟಿಗೆಗೆ ವಾಪಸು ಬಂದವು. ನೇತ್ರಾ ವಾರ ತಪ್ಪದೆ ಅವರ ಜೊತೆ ಕೂತಳು. ನಡುವೆ ಮತ್ತೆ ಕುಸಿದದ್ದೂ ಉಂಟು. ಒಂದು ಅಳುವಿಗೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ.

ಅದಾದ ಮೇಲಿನ ವಾರ ನನ್ನ ಕೋಣೆಗೆ ದೊಡ್ಡ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. “ನನ್ನದೂ ಒಂದು ಕೇಸಿದೆ ಗಿರಿಜಾ ಅವರೇ. ನಾಟಕ ಕಂಪನಿಗೆ ಸೇರಿಸ್ಕೊಳ್ತೀರಾ?” ಎಂದು ಆ ಮರದ ಕುರ್ಚಿಯಲ್ಲಿ ಕೂತರು. ಅವರು ಆಡಿ ತೋರಿಸಿದ ಅಜ್ಜಿಯನ್ನು ನೆನೆದು ಈಗಲೂ ನಗುತ್ತೇನೆ. ನಟನೆ ಮಹಾ ಕೆಟ್ಟದಾಗಿತ್ತು.

ಈಗ ಕಾಲ ಬದಲಾಗಿದೆ. ಕೊರೋನಾ ಬಂದುಹೋದ ಮೇಲೆ ಸೂಪರ್‌ವಿಷನ್ ಫೋನಿನ ಪರದೆಯಲ್ಲೇ ನಡೆಯುತ್ತದೆ. ಅಮ್ಮಸಂದ್ರದ ಹುಡುಗಿ ಅಮ್ಮಸಂದ್ರದಲ್ಲೇ ಕೂತು ಮಾತಾಡುತ್ತಾಳೆ, ಬಸ್ಸಿಗೆ ಓಡುವ ಕಷ್ಟವಿಲ್ಲ. ಒಳ್ಳೆಯದೇ. ಆದರೆ ಪರದೆಯಲ್ಲಿ ಕಾಲು ಕಾಣುವುದಿಲ್ಲ ಎಂದು ನನ್ನ ತಕರಾರು. ಸುಳ್ಳು ಧೈರ್ಯ ಹೇಳುವವರ ಕಾಲು ನೆಲ ಕೆರೆಯುತ್ತಿರುತ್ತದೆ. ತುರುವೇಕೆರೆಯಲ್ಲಿ ಆಮೇಲೆ ತೆರೆದ ನಮ್ಮ ಇನ್ನೊಂದು ಕೇಂದ್ರದಲ್ಲಿ ಈಗ ಹೊಸಬರನ್ನು ನೋಡಿಕೊಳ್ಳುವವಳು ನೇತ್ರಾ. ನನ್ನ ಮರದ ಕುರ್ಚಿಯನ್ನು ಕೇಳಿ ಪಡೆದು, ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಹೋಗಿದ್ದಾಳೆ. ನಿವೃತ್ತಿಯ ದಿನ ಯಾರೂ ಕೊಡದಷ್ಟು ದೊಡ್ಡ ಸನ್ಮಾನ ಅದು.

ನಾನು ಕೆಲಸ ಬಿಡುವ ಮುಂಚಿನ ಯುಗಾದಿಯ ಮರುದಿನ ಗಂಗಾಧರಯ್ಯ ನನ್ನನ್ನೂ ನೇತ್ರಾಳನ್ನೂ ಊಟಕ್ಕೆ ಕರೆದಿದ್ದರು. ಅಟ್ಟ ಮತ್ತೆ ತುಂಬಿತ್ತು. ಬಡಿಸುತ್ತಿದ್ದವಳು ಸಾವಿತ್ರಿ. ಗಂಗಾಧರಯ್ಯ ನಮ್ಮ ಪಂಕ್ತಿಯಲ್ಲೇ ಕೂತು, ಕೇಳಿ ಹಾಕಿಸಿಕೊಂಡು ಉಂಡರು.

ಊಟವಾದ ಮೇಲೆ ಏಣಿ ಹತ್ತಿ ಅಟ್ಟದಿಂದ ಒಂದು ಕಾಯಿ ತೆಗೆದುಕೊಂಡು ಇಳಿದು ಬಂದರು. ನೇತ್ರಾಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

“ಏನ್ ಕೇಳ್ತೈತವ್ವ?”

“ನೀರು,” ಅಂದಳು ನೇತ್ರಾ.

“ಹೂಂ. ಇನ್ನೂ ಐತೆ. ದೀಪಾವಳಿ ಕಳೀಬೇಕು ಇದು ಇಳಿಯೋಕೆ. ಆವಾಗ ಬಾ, ನಾನೇ ಇಳ್ಸಿ ಕೊಡ್ತೀನಿ.”

ಮತ್ತೆ ಏಣಿ ಹತ್ತಿ ಹೋಗಿ, ಕಾಯನ್ನು ಅದು ಇದ್ದ ಜಾಗದಲ್ಲೇ ಇಟ್ಟು ಬಂದರು.